ಒಂದೇ ಟೇಬಲ್ಲಿನಲ್ಲಿ ಗರಗಸವೂ ರೌಟರೂ

ಮನೆಯಲ್ಲೇ ಮರಗೆಲಸ ಮಾಡುವವರಿಗೆ ಮೊದಲು ಸಾಲದೆ ಬರುವುದು ಜಾಗ. ಪ್ಲೈವುಡ್ ಸೀಳಲು ಒಂದು ಟೇಬಲ್ ಗರಗಸ ಬೇಕು. ಅಂಚು ದುಂಡು ಮಾಡಲು, ಗ್ರೂವ್ ಹೊಡೆಯಲು ಒಂದು ರೌಟರ್ ಟೇಬಲ್ ಬೇಕು. ರೌಟರ್ ಅಂದರೆ ಬಿಟ್ ಎನ್ನುವ ಸಣ್ಣ ಅಲಗನ್ನು ಗಿರ್ರನೆ ತಿರುಗಿಸಿ ಮರ ಕಡಿಯುವ ಯಂತ್ರ. ಎರಡನ್ನೂ ಇಟ್ಟರೆ ಸ್ಕೂಟರ್ ನಿಲ್ಲಿಸೋಕೂ ಜಾಗ ಉಳಿಯಲ್ಲ. ಹಾಗಾಗಿ ಎರಡನ್ನೂ ಒಂದೇ ಟೇಬಲ್ಲಿಗೆ ಕೂರಿಸುವ ಯೋಚನೆ ಬಂದೇ ಬರುತ್ತದೆ. ಎಡಗಡೆ ಗರಗಸದ ಬ್ಲೇಡ್, ಬಲಗಡೆ ಹಲಗೆಯ ಕೆಳಗೆ ತಲೆಕೆಳಗಾಗಿ ನೇತಾಡುವ ರೌಟರ್, ಎರಡಕ್ಕೂ ಸೇರಿ ಒಂದೇ ಫೆನ್ಸ್. ಫೆನ್ಸ್ ಅಂದರೆ ಮರ ಒರಗಿಕೊಂಡು ಸಾಗುವ ನೇರ ಪಟ್ಟಿ.

ಕಟ್ಟುವುದು ಅಂಥ ಕಷ್ಟವೇನಲ್ಲ. ಆದರೆ ಈ ಎರಡು ಯಂತ್ರಗಳು ಮರವನ್ನು ಕಡಿಯುವ ರೀತಿ ಬೇರೆ ಬೇರೆ. ಒಂದರಲ್ಲಿ ಸರಿಯಾದ ಅಭ್ಯಾಸ ಇನ್ನೊಂದರಲ್ಲಿ ಬೆರಳು ತೆಗೆಯಬಹುದು. ಅದು ಯಾಕೆ ಅಂತ ತಿಳಿದುಕೊಂಡೇ ಸ್ಕ್ರೂ ಹೊಡೆಯಲು ಶುರು ಮಾಡಬೇಕು.

ಮೊದಲು ವೇಗ ನೋಡೋಣ. ಒಂದೇ ಮೋಟರಿನಿಂದ ಹಲವು ಕೆಲಸ ಮಾಡಿಸುವ ಆಸೆ ಹಳೆಯದು. ಅಮೆರಿಕದಲ್ಲಿ ಹಾನ್ಸ್ ಗೋಲ್ಡ್‌ಶ್ಮಿಟ್ ರೂಪಿಸಿದ ಶಾಪ್‌ಸ್ಮಿತ್ ಯಂತ್ರ 1947ರಲ್ಲಿ ಮಾರಾಟಕ್ಕೆ ಬಂತು. ಒಂದೇ ಮೋಟರಿಗೆ ಗರಗಸ, ಲೇತ್, ಡ್ರಿಲ್ ಎಲ್ಲ ಜೋಡಿಸಬಹುದಿತ್ತು. ರೌಟರ್ ಮಾತ್ರ ಇಂಥ ಒಟ್ಟುಕುಟುಂಬಕ್ಕೆ ಸುಲಭವಾಗಿ ಒಗ್ಗುವುದಿಲ್ಲ. 185 ಮಿಮೀ ಬ್ಲೇಡ್ ನಿಮಿಷಕ್ಕೆ 5,000 ಸುತ್ತು ತಿರುಗಿದರೆ ಅದರ ಹಲ್ಲು ಗಂಟೆಗೆ ಸುಮಾರು 174 ಕಿಮೀ ವೇಗದಲ್ಲಿ ಓಡುತ್ತದೆ. ರೌಟರಿನ 12 ಮಿಮೀ ಬಿಟ್ ಅದೇ 5,000 ಸುತ್ತು ತಿರುಗಿದರೆ ಅದರ ಅಂಚಿನ ವೇಗ ಗಂಟೆಗೆ 11 ಕಿಮೀ ಅಷ್ಟೆ. ಆ ವೇಗಕ್ಕೆ ಮರ ನುಣ್ಣಗೆ ಕಡಿಯುವುದಿಲ್ಲ, ಕಿತ್ತುಕೊಂಡು ಬರುತ್ತದೆ. ಅದಕ್ಕೇ ಸಣ್ಣ ಬಿಟ್ಟುಗಳಿಗೆ ನಿಮಿಷಕ್ಕೆ 20–25 ಸಾವಿರ ಸುತ್ತು ಬೇಕು.

ನಮ್ಮ ಮನೆಯ ಕರೆಂಟ್ 50 ಹರ್ಟ್ಜ್. ನೇರವಾಗಿ ಅದಕ್ಕೆ ಜೋಡಿಸಿದ ಇಂಡಕ್ಷನ್ ಮೋಟರ್ ನಿಮಿಷಕ್ಕೆ 3,000 ಸುತ್ತು ದಾಟಲಾರದು. ಗರಗಸಕ್ಕಾದರೆ ಬೆಲ್ಟು, ಪುಲ್ಲಿ ಹಾಕಿ 4,000ಕ್ಕೆ ಏರಿಸಬಹುದು. ರೌಟರಿಗೆ ಅದು ಸಾಲದು. ಅದರೊಳಗೆ ಕಾರ್ಬನ್ ಬ್ರಷ್ ಇರುವ ಯೂನಿವರ್ಸಲ್ ಮೋಟರ್ ಇರುತ್ತದೆ. ಮಿಕ್ಸಿಯಲ್ಲಿರುವುದೂ ಇದೇ ಜಾತಿ. ಅದರ ವೇಗಕ್ಕೆ 50 ಹರ್ಟ್ಜ್‌ನ ಹಂಗಿಲ್ಲ. ಹಾಗಾಗಿ ಟೇಬಲ್ ಒಂದೇ ಆದರೂ ಮೋಟರ್ ಎರಡು ಬೇಕೇ ಬೇಕು.

ವೇಗ ಜಾಸ್ತಿ ಇದ್ದಷ್ಟೂ ಒಳ್ಳೆಯದು ಅಂದುಕೊಳ್ಳಬೇಡಿ. ಬಾಗಿಲ ಪ್ಯಾನೆಲ್‌ಗೆ ಬಳಸುವ 50 ಮಿಮೀ ಅಗಲದ ಬಿಟ್ ಹಾಕಿ 25,000ಕ್ಕೆ ಬಿಟ್ಟರೆ ಅದರ ಅಂಚು ಗಂಟೆಗೆ 235 ಕಿಮೀ ವೇಗದಲ್ಲಿ ಸುತ್ತುತ್ತದೆ. ಬಿಟ್ ದೊಡ್ಡದಾದಷ್ಟೂ ವೇಗ ಇಳಿಸಬೇಕು. ವೇಗ ಬದಲಾಯಿಸುವ ಡಯಲ್ ಇಲ್ಲದ ರೌಟರನ್ನು ಟೇಬಲ್ಲಿಗೆ ಹಾಕಬೇಡಿ ಅಂತ ನಾನು ಒತ್ತಿ ಹೇಳುವುದು ಇದಕ್ಕೇ. ಇನ್ನೊಂದು ವಿಷಯ: 6 ಮಿಮೀ ಕಾಂಡದ ಬಿಟ್ಟನ್ನು ಕಾಲಿಂಚಿನ, ಅಂದರೆ 6.35 ಮಿಮೀ ಕಾಂಡ ಹಿಡಿಯುವ ಕಾಲೆಟ್‌ಗೆ ಹಾಕಿದರೂ ಬಿಗಿಯಾದಂತೆ ಕಾಣಬಹುದು. ಹಿಡಿತ ಮಾತ್ರ ಇರಲ್ಲ. ಅರ್ಧ ಇಂಚು ಮತ್ತು 12 ಮಿಮೀ ಕಥೆಯೂ ಅಷ್ಟೆ. ಅಳತೆ ನೋಡಿಯೇ ಕೊಳ್ಳಿ.

ಟೇಬಲ್ಲಿನ ಮೇಲ್ಮೈಗೆ ಗಟ್ಟಿ ಮರದ ಹಲಗೆಗಿಂತ ಪ್ಲೈವುಡ್ ಒಳ್ಳೆಯದು. ಮಳೆಗಾಲದಲ್ಲಿ ಮರ ತೇವ ಹೀರಿ ಅಡ್ಡಕ್ಕೆ ಹಿಗ್ಗುತ್ತದೆ, ಎಳೆಯ ಉದ್ದಕ್ಕೆ ಹಿಗ್ಗುವುದು ತೀರಾ ಕಡಿಮೆ. ಪ್ಲೈವುಡ್‌ನಲ್ಲಿ ಪದರಗಳು ಒಂದರ ಮೇಲೊಂದು ಅಡ್ಡಡ್ಡ ಕೂತಿರುವುದರಿಂದ ಒಂದು ಇನ್ನೊಂದನ್ನು ಹಿಗ್ಗಲು ಬಿಡುವುದಿಲ್ಲ. ಐಎಸ್ 710 ಗುರುತಿನ ಪ್ಲೈ ತಗೊಂಡರೆ ತೇವಕ್ಕೂ ತಡೆಯುತ್ತದೆ. 18 ಮಿಮೀ ಹಾಳೆ ಎರಡನ್ನು ಅಂಟಿಸಿ 36 ಮಿಮೀ ಮಾಡಿ. ಹಲಗೆಯ ಬಿಗುವು ದಪ್ಪದ ಘನಕ್ಕೆ ತಕ್ಕಂತೆ ಏರುತ್ತದೆ. ದಪ್ಪ ಎರಡು ಪಟ್ಟಾದರೆ ಬಾಗುವುದು ಎಂಟನೇ ಒಂದು ಭಾಗಕ್ಕೆ ಇಳಿಯುತ್ತದೆ. ಮೂರು, ನಾಲ್ಕು ಕಿಲೋ ತೂಗುವ ರೌಟರ್ ವರ್ಷಗಟ್ಟಲೆ ನೇತಾಡುವ ಜಾಗ ಅದು, ಇಷ್ಟು ಬಿಗುವು ಬೇಕು. ಮೇಲೆ ಮೈಕಾ ಅಂಟಿಸಿದರೆ ಕೆಳಗೂ ಅಂಟಿಸಿ. ಒಂದೇ ಕಡೆ ಅಂಟಿಸಿದರೆ ಇನ್ನೊಂದು ಕಡೆ ಮಾತ್ರ ತೇವ ಹೀರಿ, ಹಲಗೆ ಬಾಗುತ್ತದೆ.

ಈಗ ಫೆನ್ಸ್. ಈ ಎರಡು ಯಂತ್ರಗಳ ಗುಣ ಎಷ್ಟು ಬೇರೆ ಅಂತ ಗೊತ್ತಾಗುವುದೇ ಇಲ್ಲಿ.

ಗರಗಸದ ಬ್ಲೇಡಿಗೆ ಒಂದು ದಿಕ್ಕಿದೆ. ಫೆನ್ಸ್ ಅದಕ್ಕೆ ಸಮಾನಾಂತರವಾಗಿಯೇ ಇರಬೇಕು. ಬ್ಲೇಡಿನ ಮುಂಭಾಗದ ಹಲ್ಲುಗಳು ಕೆಳಕ್ಕೆ ಇಳಿಯುತ್ತಾ ಮರವನ್ನು ಟೇಬಲ್ಲಿಗೆ ಒತ್ತುತ್ತವೆ. ಹಿಂಭಾಗದ ಹಲ್ಲುಗಳು ಮೇಲಕ್ಕೆ ಏಳುತ್ತವೆ. ಫೆನ್ಸ್ ಹಿಂದೆ ಹೋಗುತ್ತಾ ಬ್ಲೇಡಿನ ಕಡೆಗೆ ವಾಲಿದ್ದರೆ ಮರ ಆ ಹಿಂದಿನ ಹಲ್ಲುಗಳಿಗೆ ಒತ್ತುತ್ತದೆ. ಹಲ್ಲುಗಳು ಅದನ್ನು ಎತ್ತಿ ನಿಮ್ಮ ಕಡೆಗೇ ಎಸೆಯುತ್ತವೆ. ಇದೇ ಕಿಕ್‌ಬ್ಯಾಕ್. ನಮ್ಮ ಕೈ ಎಚ್ಚೆತ್ತು ಹಿಂದೆ ಸರಿಯಲು ಸೆಕೆಂಡಿನ ಐದನೇ ಒಂದು ಭಾಗವಾದರೂ ಬೇಕು. ಅಷ್ಟರಲ್ಲಿ ಹಲ್ಲು ಸುಮಾರು 10 ಮೀಟರ್ ಓಡಿರುತ್ತದೆ. ಬ್ಲೇಡಿನ ಹಿಂದೆ ಸೀಳಿನೊಳಗೆ ನಿಲ್ಲುವ ತೆಳ್ಳನೆಯ ಉಕ್ಕಿನ ತಗಡು ಇದೆಯಲ್ಲ, ರೈವಿಂಗ್ ನೈಫ್, ಅದು ಮರ ಹಿಂದಿನ ಹಲ್ಲಿಗೆ ತಾಗದಂತೆ ತಡೆಯುತ್ತದೆ. ಕೈಯಲ್ಲಿ ಹಿಡಿಯುವ ಕರೆಂಟ್ ಗರಗಸವನ್ನು ತಲೆಕೆಳಗು ಮಾಡಿ ಕೂರಿಸಿದ ಮನೆಯ ಟೇಬಲ್ಲುಗಳಲ್ಲಿ ಸಾಮಾನ್ಯವಾಗಿ ಇರದ ಭಾಗ ಇದೇ. ಇದಿಲ್ಲದೆ ಗರಗಸ ಚಾಲೂ ಮಾಡಲೇಬೇಡಿ.

ಸಮಾನಾಂತರ ಇದೆಯಾ ಅಂತ ನೋಡುವ ಸರಿಯಾದ ದಾರಿ ಒಂದಿದೆ. ಪ್ಲಗ್ ಕಿತ್ತು, ಬ್ಲೇಡನ್ನು ಪೂರ್ತಿ ಮೇಲೆತ್ತಿ. ಒಂದು ಹಲ್ಲಿಗೆ ಮಾರ್ಕರ್‌ನಿಂದ ಗುರುತು ಹಾಕಿ. ಆ ಹಲ್ಲನ್ನು ಮುಂದೆ ತಂದು ಫೆನ್ಸಿಗೆ ಎಷ್ಟು ದೂರ ಅಂತ ಅಳೆಯಿರಿ. ಆಮೇಲೆ ಬ್ಲೇಡ್ ತಿರುಗಿಸಿ ಅದೇ ಹಲ್ಲನ್ನು ಹಿಂದಕ್ಕೆ ಒಯ್ದು ಮತ್ತೆ ಅಳೆಯಿರಿ. ಬೇರೆ ಹಲ್ಲು ಹಿಡಿದರೆ ಬ್ಲೇಡಿನ ಸಣ್ಣ ಸೊಟ್ಟವೂ ಲೆಕ್ಕಕ್ಕೆ ಸೇರಿಬಿಡುತ್ತದೆ. ಒಂದೇ ಹಲ್ಲಾದರೆ ಫೆನ್ಸಿನ ವಾಲು ಮಾತ್ರ ಕಾಣುತ್ತದೆ.

ರೌಟರಿಗೆ ಈ ತಲೆನೋವೇ ಇಲ್ಲ. ಬಿಟ್ ದುಂಡಗಿದೆ, ಅದಕ್ಕೆ ದಿಕ್ಕು ಇಲ್ಲ. ಫೆನ್ಸ್ ಯಾವ ಕೋನದಲ್ಲಿದ್ದರೂ ಬಿಟ್ಟಿನಿಂದ ಎಷ್ಟು ದೂರ ಎನ್ನುವುದಷ್ಟೇ ಮುಖ್ಯ. ಇದರಲ್ಲೊಂದು ಒಳ್ಳೆಯ ಉಪಾಯ ಅಡಗಿದೆ. ಒಂದೇ ಫೆನ್ಸ್ ಸಾಲದು ಅನಿಸಿದರೆ ರೌಟರಿಗೆ ಪ್ರತ್ಯೇಕ ಫೆನ್ಸ್ ಮಾಡಿ, ಅದರ ಒಂದು ತುದಿಯನ್ನು ಬೋಲ್ಟಿನಿಂದ ಬಂಧಿಸಿ ಇನ್ನೊಂದು ತುದಿಯನ್ನು 1 ಮಿಮೀ ಸರಿಸಿ. ಬಿಟ್ ನಡುವೆ ಇದ್ದರೆ ಅಲ್ಲಿ ಅರ್ಧ ಮಿಮೀ ಮಾತ್ರ ಸರಿಯುತ್ತದೆ. ಖರ್ಚಿಲ್ಲದೆ ಸೂಕ್ಷ್ಮ ಹೊಂದಾಣಿಕೆ ಸಿಕ್ಕಿತು. ಫೆನ್ಸಿನ ಮುಖವನ್ನು ಎರಡು ತುಂಡು ಮಾಡಿ, ಮರ ಹೊರಬರುವ ಕಡೆಯ ತುಂಡಿಗೆ 1 ಮಿಮೀ ಮೈಕಾ ಚೂರು ಅಂಟಿಸಿ. ಬಿಟ್ಟನ್ನು ಆ ಮೈಕಾದ ಮಟ್ಟಕ್ಕೆ ಹೊಂದಿಸಿದರೆ ರೌಟರ್ ಹಲಗೆಯ ಅಂಚನ್ನು ಕೀಸುಳಿ ಹೊಡೆದ ಹಾಗೆ ನೇರ ಮಾಡಿಕೊಡುತ್ತದೆ.

ಇನ್ನು ಮರ ತಳ್ಳುವ ದಿಕ್ಕು. ಈ ಭಾಗವನ್ನು ನಿಧಾನವಾಗಿ ಓದಿ.

ನೀವು ಟೇಬಲ್ಲಿನ ಮುಂದೆ ನಿಂತಿದ್ದೀರಿ. ಗರಗಸದಲ್ಲಿ ಫೆನ್ಸ್ ಬಲಕ್ಕೆ, ಬ್ಲೇಡ್ ಎಡಕ್ಕೆ, ಮರ ಇವೆರಡರ ನಡುವೆ. ಮುಂದಕ್ಕೆ ತಳ್ಳುತ್ತೀರಿ. ದಿನವೂ ಮಾಡುವ ಕೆಲಸ, ಸರಿಯಾದ ಕ್ರಮ. ಈಗ ಅದೇ ಫೆನ್ಸನ್ನು ರೌಟರಿನ ಬಲಕ್ಕೆ ಸರಿಸಿ, ಬಿಟ್ಟಿಗೂ ಫೆನ್ಸಿಗೂ ನಡುವೆ ಪಟ್ಟಿಯೊಂದನ್ನು ಇಟ್ಟು, ಅದರ ಎಡ ಅಂಚು ಕಡಿಯಲು ಹಾಗೇ ತಳ್ಳಿದರೆ ಏನಾಗುತ್ತದೆ? ತಲೆಕೆಳಗಾದ ರೌಟರಿನ ಬಿಟ್ ಮೇಲಿನಿಂದ ನೋಡಿದರೆ ಗಡಿಯಾರದ ಮುಳ್ಳಿಗೆ ವಿರುದ್ಧವಾಗಿ ತಿರುಗುತ್ತದೆ. ಅಂದರೆ ಅದರ ಬಲ ಮಗ್ಗುಲು ನಿಮ್ಮಿಂದ ದೂರಕ್ಕೆ ಓಡುತ್ತಿರುತ್ತದೆ. ನೀವು ತಳ್ಳುವ ದಿಕ್ಕೂ ಅದೇ. ಬಿಟ್ ಪಟ್ಟಿಯನ್ನು ಕಚ್ಚಿ ಎಳೆದು ಬಾಣದಂತೆ ಎಸೆಯುತ್ತದೆ. ಪಟ್ಟಿಯ ಹಿಂದೆಯೇ ನಿಮ್ಮ ಕೈಯೂ ಬಿಟ್ಟಿನ ಕಡೆಗೆ ಜಾರುತ್ತದೆ. ಗರಗಸದಲ್ಲಿ ಸರಿಯಾದ ನಿಲುವೇ ಇಲ್ಲಿ ಬಲೆಯಾಯಿತು.

ಸರಿಯಾದ ಕ್ರಮ ಹೀಗೆ. ಫೆನ್ಸಿನ ಎಡ ಮುಖಕ್ಕೆ ಒಂದು ಮರದ ಪಟ್ಟಿ ಜೋಡಿಸಿ, ಅದರಲ್ಲಿ ಗುಳಿ ಮಾಡಿ, ಬಿಟ್ಟಿನ ಬಲ ಅರ್ಧವನ್ನು ಅದರೊಳಗೆ ಹುದುಗಿಸಬೇಕು. ಎಡ ಅರ್ಧ ಮಾತ್ರ ಹೊರಗೆ ಕಾಣಬೇಕು. ಆ ಎಡ ಮಗ್ಗುಲು ನಿಮ್ಮ ಕಡೆಗೆ ಓಡಿಬರುತ್ತಿರುತ್ತದೆ, ನೀವು ಅದರ ವಿರುದ್ಧ ಮುಂದಕ್ಕೆ ತಳ್ಳುತ್ತೀರಿ. ಜೊತೆಗೆ ಬಿಟ್ ಮರವನ್ನು ಫೆನ್ಸಿನ ಕಡೆಗೇ ಎಳೆಯುತ್ತದೆ. ಫೆನ್ಸಿನ ಬಲ ಮುಖವನ್ನು ರೌಟರಿಗೆ ಬಳಸಲೇಬೇಡಿ ಎನ್ನುವುದು ನನ್ನ ಸಲಹೆ. ಅಲ್ಲಿ ಮರವನ್ನು ಹಿಂದಿನಿಂದ ನಿಮ್ಮ ಕಡೆಗೆ ತರಬೇಕಾಗುತ್ತದೆ, ಕೈಗೆ ಗರಗಸದ ಅಭ್ಯಾಸ ಇದ್ದವರು ಮರೆತು ಮುಂದಕ್ಕೇ ತಳ್ಳುತ್ತಾರೆ. ಎಡ ಮುಖದ ಪಕ್ಕ ಟೇಬಲ್ಲಿನ ಮೇಲೆ ಕೆಂಪು ಬಣ್ಣದಲ್ಲಿ ಒಂದು ಬಾಣ ಬರೆಯಿರಿ.

ತಳ್ಳುವ ವೇಗಕ್ಕೂ ಲೆಕ್ಕ ಇದೆ. ಎರಡು ಅಂಚಿನ ಬಿಟ್ 20,000 ಸುತ್ತಿಗೆ ನಿಮಿಷಕ್ಕೆ 40,000 ಸಲ ಕಡಿಯುತ್ತದೆ. ನಿಮಿಷಕ್ಕೆ 4 ಮೀಟರ್ ತಳ್ಳಿದರೆ ಒಂದೊಂದು ಕಡಿತ 0.1 ಮಿಮೀ. ಅನುಮಾನಿಸಿ ನಿಂತರೆ ಕಡಿಯಲು ಏನೂ ಸಿಗದೆ ಬಿಟ್ ಸುಮ್ನೆ ಉಜ್ಜುತ್ತದೆ, ಮರ ಕರಕಲಾಗುತ್ತದೆ. ಎರಡೂ ಯಂತ್ರದ ನುಣ್ಣನೆ ಹೊಟ್ಟಿನ ವಿಷಯದಲ್ಲಿ ಅಸಡ್ಡೆ ಬೇಡ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಮರದ ಧೂಳನ್ನು 1995ರಲ್ಲೇ ಖಚಿತ ಕ್ಯಾನ್ಸರ್‌ಕಾರಕಗಳ ಗುಂಪಿಗೆ ಸೇರಿಸಿದೆ. ಬ್ಲೇಡಿನ ಕೆಳಗೊಂದು, ರೌಟರ್ ಫೆನ್ಸಿನ ಹಿಂದೊಂದು ವ್ಯಾಕ್ಯೂಮ್ ಪೈಪ್, ಮುಖಕ್ಕೆ ಎನ್95 ಮಾಸ್ಕ್.

ಕೊನೆಗೆ ಕರೆಂಟು. 1,400 ವಾಟಿನ ಗರಗಸ, 1,600 ವಾಟಿನ ರೌಟರ್, ಒಟ್ಟು 3,000 ವಾಟ್. 230 ವೋಲ್ಟಿಗೆ 13 ಆಂಪಿಯರ್. ಒಂದೊಂದೇ ನಡೆದರೂ 6 ಆಂಪಿಯರ್ ಸಾಕೆಟ್ಟಿಗೆ ಭಾರವೇ, 16 ಆಂಪಿಯರ್ ಬೇಕು. ಎರಡಕ್ಕೂ ನಡುವೆ ಚೇಂಜ್‌ಓವರ್ ಸ್ವಿಚ್ ಹಾಕಿಸಿ, ಒಂದಕ್ಕೆ ಕರೆಂಟ್ ಹೋದಾಗ ಇನ್ನೊಂದು ಏಳಲೇಬಾರದು. ಟೇಬಲ್ಲಿಗೆ ಕೂರಿಸುವಾಗ ಗರಗಸದ ಟ್ರಿಗರನ್ನು ದಾರ ಸುತ್ತಿ ಒತ್ತಿಹಿಡಿಯುವ ಪದ್ಧತಿ ಇದೆ. ಕೆಲಸದ ನಡುವೆ ಕರೆಂಟ್ ಹೋಗುತ್ತದೆ. ಬ್ಲೇಡ್ ನಿಂತಿದೆ ಅಂತ ನೀವು ಸಿಕ್ಕಿಕೊಂಡ ಚೂರನ್ನು ಬೆರಳಲ್ಲಿ ತೆಗೆಯಲು ಹೋಗುತ್ತೀರಿ. ಕರೆಂಟ್ ಬರುತ್ತದೆ. ನಮ್ಮೂರುಗಳಲ್ಲಿ ಇದು ನಡೆಯಲು ಎಷ್ಟು ಹೊತ್ತು ಬೇಕು ಹೇಳಿ? ಇದಕ್ಕೆ ಪರಿಹಾರ ನೋ-ವೋಲ್ಟ್ ಸ್ವಿಚ್. ಅದರೊಳಗಿನ ಸುರುಳಿಯ ಕಾಂತ ಕರೆಂಟ್ ಇರುವವರೆಗೆ ಮಾತ್ರ ಸ್ವಿಚ್ಚನ್ನು ಹಿಡಿದಿರುತ್ತದೆ. ಕರೆಂಟ್ ಹೋದ ಕ್ಷಣ ಹಿಡಿತ ಬಿಡುತ್ತದೆ. ಮತ್ತೆ ಬಂದರೂ ಹಸಿರು ಗುಂಡಿ ಒತ್ತುವ ತನಕ ಯಂತ್ರ ಅಲುಗುವುದಿಲ್ಲ. ಬ್ಲೇಡ್ ಅಥವಾ ಬಿಟ್ ಬದಲಾಯಿಸುವಾಗ ಇದನ್ನೂ ನಂಬಬೇಡಿ, ಪ್ಲಗ್ ಕಿತ್ತು ಕಣ್ಣಿಗೆ ಕಾಣುವ ಹಾಗೆ ಟೇಬಲ್ ಮೇಲೇ ಇಟ್ಟುಕೊಳ್ಳಿ.