ಕರೆಂಟ್ ಅಕೌಂಟಿನಲ್ಲಿ ನಿದ್ದೆ ಹೊಡೆಯುವ ಮನೆಯ ದುಡ್ಡು

ಮಾರ್ಚ್ ಮುಗಿಯಿತೆಂದರೆ ಅಂಗಡಿಯವರು ಲೆಕ್ಕ ಹೊತ್ತು ನಮ್ಮ ಆಫೀಸಿಗೆ ಬರುತ್ತಾರೆ. ವ್ಯಾಪಾರಕ್ಕೆಂದು ತೆರೆದ ಕರೆಂಟ್ ಅಕೌಂಟಿನ ಸ್ಟೇಟ್‌ಮೆಂಟ್ ನೋಡಿದರೆ ಆರು ಲಕ್ಷ, ಎಂಟು ಲಕ್ಷ ವರ್ಷವಿಡೀ ಅಲುಗಾಡದೆ ಕೂತಿರುತ್ತದೆ. "ಇದು ಯಾವ ದುಡ್ಡು?" ಅಂದರೆ, "ಮನೆಗೆ ಅಂತ ಕೂಡಿಡ್ತಾ ಇದ್ದೀನಿ ಸರ್" ಅನ್ನುತ್ತಾರೆ. ಕೇಳಿ ಸಂಕಟವಾಗುತ್ತದೆ. ಬೆಳಿಗ್ಗೆಯಿಂದ ರಾತ್ರಿವರೆಗೆ ನಿಂತು ದುಡಿದ ದುಡ್ಡು ಅಲ್ವಾ?

ನಮ್ಮ ದೇಶದಲ್ಲಿ ಕರೆಂಟ್ ಅಕೌಂಟಿಗೆ ಬಡ್ಡಿ ಇಲ್ಲ. ಬ್ಯಾಂಕ್ ಕೊಡಲು ಮನಸ್ಸು ಮಾಡಿದರೂ ರಿಸರ್ವ್ ಬ್ಯಾಂಕಿನ ನಿಯಮ ಬಿಡುವುದಿಲ್ಲ. ಒಂದೇ ಒಂದು ವಿನಾಯಿತಿ ಇದೆ: ಖಾತೆದಾರ ತೀರಿಕೊಂಡರೆ, ಆ ದಿನದಿಂದ ವಾರಸುದಾರರ ಕೈಗೆ ಹಣ ಸೇರುವವರೆಗೆ ಉಳಿತಾಯ ಖಾತೆಯ ದರದಲ್ಲಿ ಬಡ್ಡಿ ಕೊಡಬೇಕು. ಬದುಕಿರುವಾಗ ಆ ಬಡ್ಡಿ ಬೇಕೆಂದರೆ ದುಡ್ಡನ್ನು ಅಲ್ಲಿಂದ ಎತ್ತಬೇಕು.

ಅಂಗಡಿ ನಿಮ್ಮೊಬ್ಬರದೇ ಆಗಿದ್ದರೆ ಇದು ಸುಲಭ. ನಿಮ್ಮ ಹೆಸರಿನ ಎಸ್‌ಬಿ, ಅಂದರೆ ಉಳಿತಾಯ ಖಾತೆಗೆ ವರ್ಗಾಯಿಸಿದರೆ ಅದು ಡ್ರಾಯಿಂಗ್ಸ್ (ಮಾಲೀಕ ತನ್ನದೇ ದುಡ್ಡನ್ನು ಅಂಗಡಿಯಿಂದ ಎತ್ತಿಕೊಂಡದ್ದು) ಅಷ್ಟೇ, ಅದಕ್ಕೆ ಹೊಸ ತೆರಿಗೆ ಬೀಳುವುದಿಲ್ಲ. ಪ್ರೈವೇಟ್ ಲಿಮಿಟೆಡ್ ಕಂಪನಿ ಆದರೆ ಹಾಗೆಲ್ಲ ಎತ್ತಬೇಡಿ, ಮೊದಲು ನಿಮ್ಮ ಆಡಿಟರನ್ನು ಕೇಳಿ.

ಎಸ್‌ಬಿಯಲ್ಲಿ ಮೊದಲು ತಿಂಗಳ 10ನೇ ತಾರೀಖಿನಿಂದ ಕೊನೆಯ ದಿನದವರೆಗೆ ಖಾತೆಯಲ್ಲಿದ್ದ ಕನಿಷ್ಠ ಮೊತ್ತಕ್ಕೆ ಮಾತ್ರ ಬಡ್ಡಿ ಇತ್ತು. 2010ರ ಏಪ್ರಿಲ್ 1ರಿಂದ ದಿನದಿನದ ಮೊತ್ತಕ್ಕೆ ಲೆಕ್ಕ. ಆದರೆ ದರ ಕಡಿಮೆ. ಎಸ್‌ಬಿಐ 2025ರ ಜೂನ್‌ನಲ್ಲಿ ಅದನ್ನು ಶೇ. 2.5ಕ್ಕೆ ಇಳಿಸಿತು. ಆರು ಲಕ್ಷಕ್ಕೆ ವರ್ಷಕ್ಕೆ 15,000. ಅದೇ ದುಡ್ಡಿಗೆ ಶೇ. 6ರ ಎಫ್‌ಡಿ ಸಿಕ್ಕರೆ 36,000.

"ಎಫ್‌ಡಿ ಇಟ್ಟರೆ ಒಳ್ಳೆ ಸೈಟ್ ಬಂದಾಗ ಕೈಯಲ್ಲಿ ದುಡ್ಡು ಇರಲ್ವಲ್ಲ" ಅನ್ನುವುದು ಎಲ್ಲರ ಭಯ. ಅದಕ್ಕೇ ನಾನು ಆಟೋ ಸ್ವೀಪ್ ಹೇಳುವುದು. ಒಂದು ಮಿತಿ ದಾಟಿದ ಹಣ ತಾನಾಗಿ ಎಫ್‌ಡಿ ಆಗುತ್ತದೆ. ನೀವು ಚೆಕ್ ಕೊಟ್ಟರೆ ಬೇಕಾದಷ್ಟೇ ಮುರಿದು ವಾಪಸ್ ಬರುತ್ತದೆ. ಎಸ್‌ಬಿಐನಲ್ಲಿ ಸಾವಿರ ರೂಪಾಯಿಯ ತುಂಡುಗಳಾಗಿ ಮುರಿಯುತ್ತದೆ, ಉಳಿದದ್ದಕ್ಕೆ ಹಳೆಯ ಬಡ್ಡಿಯೇ ನಡೆಯುತ್ತದೆ. ಮುರಿದ ಭಾಗಕ್ಕೆ ಮಾತ್ರ ಅದು ಇದ್ದ ದಿನಗಳ ದರ, ಅದರಲ್ಲೂ ಸಾಮಾನ್ಯವಾಗಿ ಅರ್ಧ ಅಥವಾ ಒಂದು ಪರ್ಸೆಂಟ್ ಕಡಿತ. ಏಳು ದಿನ ತುಂಬದಿದ್ದರೆ ಬಡ್ಡಿಯೇ ಇಲ್ಲ. ಹಾಗಾಗಿ ವಾರವಾರ ಓಡಾಡುವ ವ್ಯಾಪಾರದ ದುಡ್ಡನ್ನು ಇದರೊಳಗೆ ಬೆರೆಸಬೇಡಿ.

ಸ್ವೀಪ್ ಬಡ್ಡಿ ಎಫ್‌ಡಿ ಬಡ್ಡಿಯೇ. ಹಳೆ ತೆರಿಗೆ ಪದ್ಧತಿಯಲ್ಲಿ ಉಳಿತಾಯ ಖಾತೆಯ ಬಡ್ಡಿಗೆ ಸಿಗುವ 10,000ದ ರಿಯಾಯಿತಿ ಇದಕ್ಕೆ ಸಿಗದು. ರಿಟರ್ನ್‌ನಲ್ಲಿ ತೋರಿಸಲು ಮರೆತು ನೋಟಿಸ್ ಹಿಡಿದು ಬಂದವರನ್ನು ನಾನು ಜಾಸ್ತಿನೇ ನೋಡಿದ್ದೇನೆ.

ಠೇವಣಿ ವಿಮೆಯನ್ನೂ ಗಮನಿಸಿ. ಒಬ್ಬರಿಗೆ ಒಂದು ಬ್ಯಾಂಕಿನಲ್ಲಿ ಅಸಲು, ಬಡ್ಡಿ ಸೇರಿ 5 ಲಕ್ಷದವರೆಗೆ ಮಾತ್ರ. ಅಂಗಡಿ ಹೆಸರಿನ ಖಾತೆ, ನಿಮ್ಮ ಹೆಸರಿನ ಖಾತೆ ಬೇರೆ ಬೇರೆ ಅಂದುಕೊಳ್ಳಬೇಡಿ. ಮಾಲೀಕರು ಒಬ್ಬರೇ ಆದರೆ ಎರಡನ್ನೂ ಕೂಡಿಸುತ್ತಾರೆ. ಊರಿನ ಸಣ್ಣ ಸಹಕಾರಿ ಬ್ಯಾಂಕಿನಲ್ಲಿ ಎಲ್ಲವನ್ನೂ ಇಟ್ಟವರಿಗೆ ಇದನ್ನು ಒತ್ತಿ ಹೇಳುತ್ತೇನೆ.

ಎಷ್ಟು ಕೂಡಿಡಬೇಕು? 60 ಲಕ್ಷದ ಫ್ಲ್ಯಾಟಿಗೆ ಬ್ಯಾಂಕ್ ಹೆಚ್ಚೆಂದರೆ ಶೇ. 80, ಅಂದರೆ 48 ಲಕ್ಷ ಕೊಡಬಹುದು. 12 ಲಕ್ಷ ನಿಮ್ಮದು. ಇದರ ಮೇಲೆ ಮುದ್ರಾಂಕ ಶುಲ್ಕ, ಸೆಸ್, 2025ರ ಆಗಸ್ಟ್ ಕೊನೆಯಲ್ಲಿ ಶೇ. 2 ಆದ ನೋಂದಣಿ ಶುಲ್ಕ ಸೇರಿ ಸುಮಾರು ನಾಲ್ಕೂವರೆ ಲಕ್ಷ. ಇದನ್ನು ಸಾಲದ ಲೆಕ್ಕಕ್ಕೆ ಸೇರಿಸುವುದಿಲ್ಲ. ಹನ್ನೆರಡು ಲಕ್ಷ ಆಯಿತೆಂದು ಅಡ್ವಾನ್ಸ್ ಕೊಟ್ಟು, ನೋಂದಣಿ ಹೊತ್ತಿಗೆ ಹೆಂಡತಿಯ ಒಡವೆ ಅಡ ಇಟ್ಟವರು ಹಲವರಿದ್ದಾರೆ.

ನಮ್ಮಲ್ಲಿಗೆ ಬರುವ ಹಾರ್ಡ್‌ವೇರ್ ಅಂಗಡಿಯವರೊಬ್ಬರು ಈಗ ಪ್ರತಿ ಸೋಮವಾರ ವಾರದ ಖರೀದಿಗೆ ಬೇಕಾದದ್ದನ್ನು ಮಾತ್ರ ಕರೆಂಟ್ ಅಕೌಂಟಿನಲ್ಲಿ ಬಿಡುತ್ತಾರೆ. ಜಿಎಸ್‌ಟಿ ಕಟ್ಟುವ ವಾರ ಸ್ವಲ್ಪ ಹೆಚ್ಚು. ಉಳಿದದ್ದು ಸ್ವೀಪ್ ಖಾತೆಗೆ ಹೋಗುತ್ತದೆ. ಆ ಖಾತೆಯ ಎಟಿಎಂ ಕಾರ್ಡನ್ನು ಅವರು ತಗೊಂಡೇ ಇಲ್ಲ.