ಚಿನ್ನ ಸಿಕ್ಕಿದ್ದು ಸಟರನ ಮಿಲ್ಲಿನಲ್ಲಿ. ಹಾಗಿದ್ದೂ ಅವನು ಯಾಕೆ ಮುಳುಗಿದ?

ಪ್ರಶ್ನೆ: 1848ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಚಿನ್ನ ಸಿಕ್ಕಿದ್ದು ಜಾನ್ ಸಟರ್ ಎಂಬುವನ ಜಮೀನಿನಲ್ಲಂತೆ. ಅವನು ಕೋಟ್ಯಧಿಪತಿ ಆಗಬೇಕಿತ್ತಲ್ವಾ? ಕೈ ಖಾಲಿಯಾಗಿ ಸತ್ತ ಅಂತಾರೆ, ಅದು ಹೇಗೆ?

ಉತ್ತರ: ಪ್ರಶ್ನೆಯಲ್ಲೇ ಒಂದು ತಪ್ಪು ಅಡಗಿದೆ. ಎಲ್ಲರೂ ಮಾಡುವ ತಪ್ಪೇ. ಚಿನ್ನ ಸಿಕ್ಕ ಜಾಗ ಸಟರನದ್ದಲ್ಲ. ಅಲ್ಲಿದ್ದ ಸಾ ಮಿಲ್ ಮಾತ್ರ ಅವನದು, ಅದೂ ಪಾಲಿನಲ್ಲಿ.

ಸಟರ್ ಸ್ವಿಸ್ ಮನೆತನದವನು. ಊರಲ್ಲಿ ವ್ಯಾಪಾರ ಕೆಟ್ಟಿತು. 1834ರಲ್ಲಿ ಹೆಂಡತಿ ಮತ್ತು ಐದು ಮಕ್ಕಳನ್ನು ಬಿಟ್ಟು, ಸಾಲ ಕೊಟ್ಟವರಿಂದ ತಪ್ಪಿಸಿಕೊಂಡು ಅಮೆರಿಕಕ್ಕೆ ಓಡಿದ. 1839ರಲ್ಲಿ ಕ್ಯಾಲಿಫೋರ್ನಿಯಾ ಸೇರಿದ. ಆಗ ಅದು ಮೆಕ್ಸಿಕೋದ ಭಾಗ. ಒಳನಾಡಿನಲ್ಲಿ ನೆಲೆ ಊರಲಿ ಅಂತ ಅಲ್ಲಿನ ಗವರ್ನರ್ 1841ರಲ್ಲಿ ಅವನಿಗೆ ಸುಮಾರು 48,000 ಎಕರೆ ಕೊಟ್ಟ. ಇವತ್ತಿನ ಸ್ಯಾಕ್ರಮೆಂಟೋ ನಗರ ಇರುವಲ್ಲಿ ಸಟರ್ ಮಣ್ಣಿನ ಕೋಟೆ ಕಟ್ಟಿದ. ಗೋಧಿ ಬೆಳೆದ, ದನ ಸಾಕಿದ, ಚರ್ಮ ಹದ ಮಾಡಿಸಿದ.

ಆದರೆ ಈ ವೈಭವದ ಅಡಿಗಿದ್ದದ್ದು ಸಾಲ ಮತ್ತು ಬಿಟ್ಟಿ ದುಡಿಮೆ. ರಷ್ಯನ್ನರಿಂದ ಫೋರ್ಟ್ ರಾಸ್ ಎಂಬ ಠಾಣೆಯನ್ನು 30,000 ಡಾಲರಿಗೆ ಕೊಂಡಿದ್ದ. ಹೆಚ್ಚಿನ ಕಂತು ಗೋಧಿಯ ರೂಪದಲ್ಲಿ ಕಟ್ಟಬೇಕಿತ್ತು. ಹೊಲದಲ್ಲಿ ದುಡಿಯುತ್ತಿದ್ದವರು ಆ ನೆಲದ ನಿಸೆನಾನ್, ಮಿವೋಕ್ ಜನ, ಹಲವರು ಬಲವಂತಕ್ಕೆ. ಅವರ ಕೂಲಿ ಅವನ ಅಂಗಡಿಯಲ್ಲಿ ಮಾತ್ರ ನಡೆಯುವ ಲೋಹದ ಬಿಲ್ಲೆ. ಊಟ ಬಾನಿಯಲ್ಲಿ ಸುರಿಯುತ್ತಿದ್ದರು ಅಂತ ಕೋಟೆಗೆ ಬಂದುಹೋದವರು ಬರೆದಿದ್ದಾರೆ.

ಹಲಗೆ ಬೇಕಾಗಿತ್ತು. ಕೋಟೆಯಿಂದ ಸುಮಾರು 45 ಮೈಲಿ ದೂರದ ಕೊಲೋಮಾದಲ್ಲಿ ಪೈನ್ ಮರ ಇತ್ತು, ನೀರೂ ಇತ್ತು. ಬಡಗಿ ಜೇಮ್ಸ್ ಮಾರ್ಷಲ್ ಜೊತೆ ಸೇರಿ ಮಿಲ್ ಶುರು ಮಾಡಿದ. ಚಕ್ರ ತಿರುಗಿಸಿದ ನೀರು ಹೊರಹೋಗುವ ಕಾಲುವೆ ಆಳ ಸಾಲಲಿಲ್ಲ. ಅದಕ್ಕೆ ರಾತ್ರಿ ನೀರು ಬಿಟ್ಟು ಮಣ್ಣು ಕೊರೆಸುತ್ತಿದ್ದರು. ಜನವರಿ 24ರ ಬೆಳಿಗ್ಗೆ ಕಾಲುವೆ ನೋಡಲು ಇಳಿದ ಮಾರ್ಷಲ್‌ಗೆ ಏನೋ ಹೊಳೆಯುವುದು ಕಂಡಿತು. ಕಲ್ಲಿನ ಮೇಲಿಟ್ಟು ಕುಟ್ಟಿದ. ಪುಡಿಯಾಗಲಿಲ್ಲ, ಚಪ್ಪಟೆಯಾಯಿತು. ಅಡುಗೆ ಮಾಡುತ್ತಿದ್ದ ಜೆನ್ನಿ ವಿಮ್ಮರ್ ಸೋಪು ಕಾಯಿಸುವ ಕ್ಷಾರದಲ್ಲಿ ಹಾಕಿ ಕುದಿಸಿದಳು. ಬಣ್ಣ ಹೋಗಲಿಲ್ಲ. ಕೊನೆಗೆ ಕೋಟೆಯಲ್ಲಿ ಸಟರ್ ಆಸಿಡ್ ಹಾಕಿ, ತೂಕ ಮಾಡಿ ನೋಡಿದ. ಚಿನ್ನವೇ!

ಸಟರನಿಗೆ ಖುಷಿಗಿಂತ ದಿಗಿಲೇ ಜಾಸ್ತಿ. ಮಿಲ್ ಮುಗಿಯುವ ತನಕ, ಆರು ವಾರ ಬಾಯಿ ಬಿಡಬೇಡಿ ಅಂತ ಆಳುಗಳನ್ನು ಕೇಳಿಕೊಂಡ. ಅಷ್ಟರಲ್ಲಿ ಕ್ಯಾಲಿಫೋರ್ನಿಯಾ ಮೆಕ್ಸಿಕೋದಿಂದ ಅಮೆರಿಕದ ಸೇನೆಯ ಕೈಗೆ ಬಂದಿತ್ತು. ಅತ್ತ ಕೊಲೋಮಾದ ಮೂಲನಿವಾಸಿಗಳಿಂದ ಜಾಗ ಗುತ್ತಿಗೆಗೆ ಬರೆಸಿಕೊಂಡು, ಅದನ್ನು ಮಾನ್ಯ ಮಾಡಿ ಅಂತ ಮಾಂಟೆರೆಯಲ್ಲಿದ್ದ ಅಮೆರಿಕದ ಮಿಲಿಟರಿ ಗವರ್ನರ್ ಮೇಸನ್ ಹತ್ತಿರ ಆಳು ಕಳಿಸಿದ. ಮೂಲನಿವಾಸಿಗಳು ಗುತ್ತಿಗೆ ಕೊಡುವಂತಿಲ್ಲ ಅಂದುಬಿಟ್ಟ ಮೇಸನ್. ಕಾಗದ ಒಯ್ದವನೋ ದಾರಿಯಲ್ಲೇ ಗುಟ್ಟು ರಟ್ಟು ಮಾಡಿದ್ದ. ಅವನನ್ನೇನು ಬೈಯುವುದು, ಸಟರನೇ ಗೆಳೆಯನೊಬ್ಬನಿಗೆ ಪತ್ರ ಬರೆದು ಹೇಳಿಕೊಂಡಿದ್ದ!

ಗುತ್ತಿಗೆ ಪತ್ರ ಇದ್ದಿದ್ದರೂ ಏನೂ ಆಗುತ್ತಿರಲಿಲ್ಲ ಅಂತ ನನಗನಿಸುತ್ತದೆ. ಕೋಲಾರದ ಚಿನ್ನ ನೆನಪಿಸಿಕೊಳ್ಳಿ. ಅದು ಬಂಡೆಯೊಳಗಿನದು. ಕಂಪನಿ, ಯಂತ್ರ, ಬಂಡವಾಳ ಇಲ್ಲದೆ ಕೈಗೆ ಬರುವುದಲ್ಲ. ಕೊಲೋಮಾದ್ದು ಹೊಳೆಯ ಮರಳಿನ ಚಿನ್ನ. ಒಂದು ಸಲಿಕೆ, ಒಂದು ತಟ್ಟೆ ಇದ್ದರೆ ಸಾಕು, ಅಕ್ಕಿ ಜಾಲಿಸಿದ ಹಾಗೆ ಜಾಲಿಸಬಹುದು. ಇಂಥದ್ದು ಪಕ್ಕದಲ್ಲೇ ಇರುವಾಗ ಸಟರನ ಗೋಧಿ ಕೊಯ್ಯಲು ಯಾರು ನಿಲ್ಲುತ್ತಾರೆ? ಆಳುಗಳು ಎದ್ದು ಹೋದರು. ತೊಗಲು ಕೊಳೆಯಿತು, ಹಿಟ್ಟಿನ ಮಿಲ್ ಅರ್ಧಕ್ಕೇ ನಿಂತಿತು. ವಲಸೆ ಬಂದವರು ಅವನ ಹೊಲದಲ್ಲೇ ಡೇರೆ ಹಾಕಿ ಅವನ ದನಗಳನ್ನೇ ಕಡಿದು ತಿಂದರು. ತಾನೂ ಚಿನ್ನ ತೆಗೆಯಲು ಹೋಗಿ ಸೋತು ಬಂದ.

ಲಾಭ ಮಾಡಿಕೊಂಡವನು ಸ್ಯಾಮ್ ಬ್ರಾನನ್. ಸಟರನ ಕೋಟೆಯ ಹತ್ತಿರವೇ ಅವನ ಅಂಗಡಿ. ಸಲಿಕೆ, ಗುದ್ದಲಿ, ತಟ್ಟೆ ಸಿಕ್ಕಷ್ಟೂ ತುಂಬಿಸಿಟ್ಟುಕೊಂಡ. 1848ರ ಮೇ ತಿಂಗಳಲ್ಲಿ ಚಿನ್ನದ ಪುಡಿಯ ಬಾಟಲಿ ಎತ್ತಿ ಹಿಡಿದು, ಸ್ಯಾನ್ ಫ್ರಾನ್ಸಿಸ್ಕೋದ ಬೀದಿಯಲ್ಲಿ ಕೂಗುತ್ತಾ ನಡೆದ. ಡಿಸೆಂಬರಿನಲ್ಲಿ ಅಧ್ಯಕ್ಷ ಪೋಕ್ ಸುದ್ದಿ ನಿಜ ಅಂದ ಮೇಲೆ ಪ್ರಪಂಚವೇ ಅತ್ತ ಹೊರಟಿತು.

ಸಟರ್‌ಗಿಂತ ಎಷ್ಟೋ ಪಾಲು ಹೆಚ್ಚು ಕಳೆದುಕೊಂಡವರು ಮೂಲನಿವಾಸಿಗಳು. 1848ರಲ್ಲಿ ಅಂದಾಜು ಒಂದೂವರೆ ಲಕ್ಷ ಇದ್ದವರು, 1870ರ ಹೊತ್ತಿಗೆ ಸುಮಾರು 30,000ಕ್ಕೆ ಇಳಿದರು. ರೋಗ, ಹಸಿವಿನ ಜೊತೆಗೆ ನೇರ ಕೊಲೆಗಳೂ ನಡೆದವು. ಹಾಗಾಗಿ ಸಟರನ ಬಗ್ಗೆ ನನಗೆ ಕನಿಕರ ಅರ್ಧವೇ.

ಮಗ ಬಂದು ಸ್ಯಾಕ್ರಮೆಂಟೋದಲ್ಲಿ ಸೈಟು ಮಾಡಿ ಮಾರಿ ಹಳೇ ಸಾಲ ತೀರಿಸಿದ. 1865ರಲ್ಲಿ ಸಟರನ ಮನೆ ಸುಟ್ಟುಹೋಯಿತು. ಆಮೇಲೆ ವರ್ಷಗಟ್ಟಲೆ ಪರಿಹಾರಕ್ಕಾಗಿ ವಾಷಿಂಗ್ಟನ್ನಿಗೆ ಅಲೆದ. 1880ರ ಜೂನ್‌ನಲ್ಲಿ ಅವನಿಗೆ 50,000 ಡಾಲರ್ ಕೊಡುವ ಮಸೂದೆಯನ್ನು ಪಾಸು ಮಾಡದೆಯೇ ಅಮೆರಿಕದ ಸಂಸತ್ತಾದ ಕಾಂಗ್ರೆಸ್ ಅಧಿವೇಶನ ಮುಗಿಸಿತು. ಎರಡು ದಿನದ ನಂತರ, ಜೂನ್ 18ರಂದು, ಅಲ್ಲೇ ಒಂದು ಹೋಟೆಲಿನಲ್ಲಿ ಅವನು ತೀರಿಕೊಂಡ.