ಬಾಂಬ್ ಹುಡುಕೋ ನಾಯಿಗೆ ಬೇಕಾದ್ದು ಚೆಂಡು

2020ರ ಜನವರಿ 20ಕ್ಕೆ ನಮ್ಮ ಬಜ್ಪೆ ಏರ್‌ಪೋರ್ಟಲ್ಲಿ ಬ್ಯಾಗಿನೊಳಗೆ ಬಾಂಬ್ ಸಿಕ್ಕಿ, ಅದನ್ನ ಕೆಂಜಾರಿನ ಬಯಲಿಗೆ ಒಯ್ದು ಸಿಡಿಸಿದ್ದು ಮಂಗಳೂರಿನವರಿಗೆ ನೆನಪುಂಟಲ್ವಾ. ಅದಾದ್ಮೇಲೆ ಅಲ್ಲಿ ಬ್ಯಾಗ್ ಮೂಸ್ತಾ ಹೋಗೋ ನಾಯಿ ಕಂಡ್ರೆ ನಾನಂತೂ ನಿಂತು ನೋಡ್ತೇನೆ.

ಆ ನಾಯಿಗೆ ಬಾಂಬ್ ಅಂದ್ರೆ ಎಂತ ಅಂತ ಗೊತ್ತೇ ಇಲ್ಲ ಮಾರಾಯ್ರೆ. ಟ್ರೈನಿಂಗಲ್ಲಿ ಸ್ಫೋಟಕದ ವಾಸನೆ ಹಿಡಿದ ಕೂಡ್ಲೇ ಚೆಂಡು ಕೊಟ್ಟು ಆಡಿಸ್ತಾರೆ, ಹಾಗೆ ಮಾಡ್ತಾ ಮಾಡ್ತಾ ಈ ವಾಸನೆ ಬಂದ್ರೆ ಚೆಂಡು ಗ್ಯಾರಂಟಿ ಅಂತ ಅದರ ತಲೆಯಲ್ಲಿ ಕೂತ್ಬಿಡ್ತದೆ. ಸಿಕ್ಕಿದ್ರೆ ಬೊಗಳ್ಲಿಕ್ಕಿಲ್ಲ, ಕಾಲಲ್ಲಿ ಕೆರೀಲಿಕ್ಕಿಲ್ಲ, ಅಲ್ಲೇ ಸುಮ್ನೆ ಕೂರಬೇಕು, ಯಾಕಂದ್ರೆ ಕೆರೆದ್ರೆ ಸಿಡಿದೀತು.

ಹಿಡಿಯೋದು ಕೂಡ ಯಾವಾಗ್ಲೂ ಸ್ಫೋಟಕದ್ದೇ ವಾಸನೆ ಅಲ್ಲ. ಆರ್‌ಡಿಎಕ್ಸ್ ಆವಿ ಆಗೋದು ತೀರಾ ಕಮ್ಮಿ, ಹಾಗಾಗಿ ಅದನ್ನ ಹಾಕಿ ಮಾಡೋ ಸಿ-4ನಂಥ ಮೆತ್ತಗಿನ ಪ್ಲಾಸ್ಟಿಕ್ ಸ್ಫೋಟಕದಲ್ಲಿ ನಾಯಿ ಹೆಚ್ಚಾಗಿ ಹಿಡಿಯೋದು ಅದರೊಟ್ಟಿಗೆ ಉಳ್ದಿರೋ ಸೈಕ್ಲೋಹೆಕ್ಸನೋನ್ ತರದ ರಾಸಾಯನಿಕಗಳನ್ನ. 1991ರ ಮಾಂಟ್ರಿಯಲ್ ಒಪ್ಪಂದದಲ್ಲಿ ಪ್ಲಾಸ್ಟಿಕ್ ಸ್ಫೋಟಕ ತಯಾರಿಸುವಾಗ್ಲೇ ಡಿಎಂಎನ್‌ಬಿಯಂಥ ಬೇಗ ಆವಿಯಾಗೋ ವಸ್ತು ಬೆರೆಸ್ಬೇಕು ಅಂತ ಮಾಡಿದ್ದೂ ಪತ್ತೆ ಸುಲಭ ಆಗ್ಲಿ ಅಂತಾನೇ.

ಇನ್ನು ನಮ್ಮ ಸೆಕೆ. ನಾಯಿ ಮೈಯೆಲ್ಲ ಬೆವರೋದಿಲ್ಲ, ಬಾಯಿ ತೆರೆದು ಏದುಸಿರು ಬಿಟ್ಟೇ ತಂಪಾಗ್ಬೇಕು, ಆಗ ಸರಿಯಾಗಿ ಮೂಸ್ಲಿಕ್ಕಾಗೋದಿಲ್ಲ, ಕರಾವಳಿಯ ಒದ್ದೆ ಗಾಳಿಯಲ್ಲಿ ತಂಪಾಗೋದೂ ನಿಧಾನ. ಮೇ ತಿಂಗಳಲ್ಲಿ ಅದಕ್ಕೆ ನೆರಳು, ನೀರು, ರೆಸ್ಟ್ ಕೊಡದಿದ್ರೆ ಚೆಕಿಂಗೇ ಕೆಟ್ಟೋಗ್ತದೆ.

ನನಗೆ ಎಲ್ಲದಕ್ಕಿಂತ ಮುಖ್ಯ ಅನ್ಸೋದು ಹಗ್ಗ ಹಿಡಿದವರ ವಿಷಯ. 2011ರಲ್ಲಿ ಪ್ರಕಟವಾದ ಕ್ಯಾಲಿಫೋರ್ನಿಯಾದ ಒಂದು ಅಧ್ಯಯನದಲ್ಲಿ 18 ನಾಯಿ-ಹ್ಯಾಂಡ್ಲರ್ ಜೋಡಿಗಳನ್ನ ಒಂದು ಚರ್ಚಲ್ಲಿ ಹುಡುಕ್ಲಿಕ್ಕೆ ಬಿಟ್ರು, ಅಲ್ಲಿ ಡ್ರಗ್ಸೂ ಇರ್ಲಿಲ್ಲ, ಸ್ಫೋಟಕವೂ ಇರ್ಲಿಲ್ಲ, ಆದ್ರೆ ವಾಸನೆ ಇರಬಹುದು ಅಂತ ಹ್ಯಾಂಡ್ಲರ್‌ಗಳಿಗೆ ಹೇಳಿದ್ರು, ಕೆಲವು ಕಡೆ ವಾಸನೆ ಇರೋ ಜಾಗದ ಗುರುತು ಅಂತ ಹೇಳಿ ಕೆಂಪು ಕಾಗದ ಅಂಟಿಸಿದ್ರು. 144 ಹುಡುಕಾಟದಲ್ಲಿ "ಏನೂ ಇಲ್ಲ" ಅಂತ ಸರಿಯಾಗಿ ಮುಗಿದದ್ದು ಬರೀ 21! ಕಾಗದ ಇದ್ದಲ್ಲಿ ನಾಯಿ ಸಿಗ್ನಲ್ ಕೊಡ್ತು ಅಂತ ಹ್ಯಾಂಡ್ಲರ್‌ಗಳು ಜಾಸ್ತಿ ಹೇಳಿದ್ರು. ಅಲ್ಲಿ ಉಂಟು ಅಂತ ನಂಬಿದವರು ಗೊತ್ತಿಲ್ಲದೆ ನಡಿಗೆ ನಿಧಾನ ಮಾಡಿದ್ರೋ, ನಾಯಿ ಸುಮ್ನಿದ್ರೂ ಕೂತ್ಹಾಗೆ ಅನ್ನಿಸ್ತೋ, ಎರಡೂ ಅಪಾಯವೇ.

ಹಾಗಾಗಿ ಟೆಸ್ಟ್ ಮಾಡುವಾಗ ಸ್ಯಾಂಪಲ್ ಅಡಗಿಸಿದವರು ಅಲ್ಲಿರ್ಬಾರ್ದು, ಹ್ಯಾಂಡ್ಲರ್‌ಗೂ ಜಾಗ ಗೊತ್ತಿರ್ಬಾರ್ದು, ಆಗಾಗ ಏನೂ ಅಡಗಿಸದೆಯೇ ಹುಡುಕಿಸ್ಬೇಕು, ನಮ್ಮ ಕಡೆಯಾದ್ರೆ ಒಣಮೀನು ಕಟ್ಟಿದ ಬ್ಯಾಗುಗಳನ್ನೂ ಸಾಲಲ್ಲಿಟ್ಟು, ಅದನ್ನ ಬಿಟ್ಟು ಮುಂದೆ ಹೋಗ್ಲಿಕ್ಕೆ ಕಲಿಸ್ಬೇಕು.